ಶಾಲೆಗೆ ರಜೆ, ಮಾತಿಗೆ ರಜೆ ಬೇಡ

ಪುನರ್ವಸು, ಪುಷ್ಯ ಮಳೆ ಹಿಡಿದುಕೊಂಡರೆ ಕೊಡಗು, ಕರಾವಳಿ ಮತ್ತು ಮಲೆನಾಡಿನ ಮನೆಗಳಲ್ಲಿ ರಾತ್ರಿ ಊಟದ ಹೊತ್ತಿಗೆ ಒಂದೇ ಪ್ರಶ್ನೆ: ನಾಳೆ ಶಾಲೆ ಉಂಟೋ ಇಲ್ಲವೋ? ಜಿಲ್ಲಾಧಿಕಾರಿಗಳ ಆದೇಶ ವಾಟ್ಸ್ಯಾಪಿನಲ್ಲಿ ಬರುತ್ತದೆ, ಮಕ್ಕಳು ಕುಣಿಯುತ್ತಾರೆ, ಅಮ್ಮ ನಿಟ್ಟುಸಿರು ಬಿಡುತ್ತಾಳೆ. ಆ ರಜೆ ಬೇಕಾದದ್ದೇ. ಕಾಲುಸಂಕ ದಾಟಿ ಶಾಲೆಗೆ ಹೋಗುವ ಆರು ವರ್ಷದ ಮಗುವನ್ನು ತುಂಬಿದ ಹಳ್ಳದ ಮೇಲೆ ಕಳಿಸುವುದಕ್ಕಿಂತ ಮನೆಯಲ್ಲಿ ಇರಿಸಿಕೊಳ್ಳುವುದು ಎಷ್ಟೋ ಮೇಲು. ಆದರೆ ಆದೇಶ ಒಂದು ದಿನಕ್ಕೆ ಬಂದು, ಮತ್ತೆರಡು ದಿನಕ್ಕೆ ಮುಂದುವರಿದು, ನಡುವೆ ಭಾನುವಾರವೂ ಸೇರಿಕೊಂಡಾಗ ಮನೆಯವರಿಗೆ ನಿಜವಾದ ಚಿಂತೆ ಶುರುವಾಗುತ್ತದೆ. ಮಗುವನ್ನು ಏನು ಮಾಡುವುದು? ಟಿವಿ ಹಾಕಿಕೊಡುವುದೇ, ಫೋನು ಕೊಡುವುದೇ, ಕಾಪಿ ಬರೆ ಎಂದು ಕೂರಿಸುವುದೇ?

ಮಳೆಯೊಂದೇ ಕಾರಣವಲ್ಲ. 2019ರ ಆಗಸ್ಟ್ ನೆರೆಯಲ್ಲಿ ಬೆಳಗಾವಿ, ಬಾಗಲಕೋಟೆ ಕಡೆಯ ಹಳ್ಳಿಗಳ ಶಾಲೆಗಳಿಗೇ ನೀರು ನುಗ್ಗಿತ್ತು. 2025ರ ಅಕ್ಟೋಬರಿನಲ್ಲಿ ಶಿಕ್ಷಕರು ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮನೆ ಮನೆ ಸುತ್ತಬೇಕಾದ್ದರಿಂದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆ 18ನೇ ತಾರೀಖಿನವರೆಗೆ ಬೆಳೆಯಿತು. ಎಲ್ಲಕ್ಕಿಂತ ದೊಡ್ಡದು ಕೋವಿಡ್ ಕಾಲದ ಮುಚ್ಚುಗಡೆ. 2020ರ ಮಾರ್ಚ್ ನಡುವಿನಲ್ಲಿ ಬೀಗ ಬಿದ್ದ ನಮ್ಮ ಕಿರಿಯ ಪ್ರಾಥಮಿಕ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಒಂದನೇ ತರಗತಿಗೆ ಸೇರಬೇಕಿದ್ದ ಮಗು ಶಾಲೆಯ ಬೆಂಚನ್ನೇ ನೋಡದೆ ಎರಡನೇ ತರಗತಿಗೆ ಬಂದಿತ್ತು. ಅಂಥ ಮುಚ್ಚುಗಡೆ ಮತ್ತೆ ಬಾರದಿರಲಿ. ಆದರೆ ಅದು ಕಲಿಸಿಹೋದದ್ದನ್ನು ನಾವು ಮರೆಯಬಾರದು, ಏಕೆಂದರೆ ನಾಲ್ಕು ದಿನದ ಮಳೆ ರಜೆಗೂ ಅದೇ ಪಾಠ ಒದಗುತ್ತದೆ.

2021ರ ಜನವರಿಯಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಕರ್ನಾಟಕವೂ ಸೇರಿ ಐದು ರಾಜ್ಯಗಳ 1,137 ಸರ್ಕಾರಿ ಶಾಲೆಗಳಲ್ಲಿ 16,067 ಮಕ್ಕಳನ್ನು ಮಾತಾಡಿಸಿ ಒಂದು ಅಧ್ಯಯನ ಮಾಡಿತು. ಎರಡರಿಂದ ಆರನೇ ತರಗತಿಯ ಆ ಮಕ್ಕಳಲ್ಲಿ ಶೇಕಡಾ 92ರಷ್ಟು ಮಂದಿ ಹಿಂದಿನ ವರ್ಷ ಬರುತ್ತಿದ್ದ ಭಾಷೆಯ ಯಾವುದಾದರೂ ಒಂದು ಸಾಮರ್ಥ್ಯವನ್ನು ಕಳೆದುಕೊಂಡಿದ್ದರು. ಗಣಿತದಲ್ಲಿ ಆ ಪ್ರಮಾಣ ಶೇಕಡಾ 82. ಈ ಅಂಕಿಗಳು ಆಗ ಪತ್ರಿಕೆಗಳಲ್ಲೆಲ್ಲ ಬಂದವು. ಆದರೆ ಆ ಅಧ್ಯಯನದೊಳಗಿನ ಒಂದು ವಿವರದ ಕಡೆ ಹೆಚ್ಚು ಜನರ ಗಮನ ಹೋಗಲಿಲ್ಲ. ಅಲ್ಲಿ ಅಳೆದ ಭಾಷಾ ಸಾಮರ್ಥ್ಯಗಳಲ್ಲಿ ಓದು ಬರಹದ ಜೊತೆಗೆ ಇನ್ನೊಂದಿತ್ತು: ಒಂದು ಚಿತ್ರವನ್ನು ನೋಡಿ, ಇಲ್ಲವೇ ತನ್ನ ಅನುಭವವನ್ನು ನೆನೆದು ಬಾಯಲ್ಲಿ ಹೇಳುವುದು. ಎಷ್ಟೋ ಮಕ್ಕಳು ಅದನ್ನೂ ಕಳೆದುಕೊಂಡಿದ್ದರು. ಮರೆತದ್ದು ಬರೀ ಪಾಠವಲ್ಲ, ನಡೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಹೇಳುವ ಅಭ್ಯಾಸವೇ ತಪ್ಪಿಹೋಗಿತ್ತು. ದೊಡ್ಡವರು ಹೊಟ್ಟೆಪಾಡಿನ ಆತಂಕದಲ್ಲಿದ್ದರು, ಗೆಳೆಯರು ಸಿಗುತ್ತಿರಲಿಲ್ಲ, ಮಗುವಿನ ಮಾತು ಕೇಳಿಸಿಕೊಳ್ಳುವವರೇ ಇರಲಿಲ್ಲ.

ಹಾಗಾಗಿ ಶಾಲೆ ಮುಚ್ಚಿದಾಗ ಮನೆಯವರು ಮಾಡಬೇಕಾದ ಮೊದಲ ಕೆಲಸ ಮಗುವನ್ನು ಮಾತಾಡಿಸುವುದು, ಅದರ ಮಾತನ್ನು ಕೇಳುವುದು. ಇದಕ್ಕೆ ಓದು ಬಂದಿರಬೇಕಾಗಿಲ್ಲ, ಪುಸ್ತಕ ಬೇಕಾಗಿಲ್ಲ, ನೆಟ್‌ವರ್ಕ್ ಬೇಕಾಗಿಲ್ಲ. ‘ನಮಗೆ ಅಕ್ಷರ ಬರುವುದಿಲ್ಲ, ನಾವೇನು ಕಲಿಸೋದು ಮೇಷ್ಟ್ರೇ’ ಎಂದು ಕೂಲಿಗೆ ಹೋಗುವ ತಾಯಿ ತಂದೆ ಹೇಳುವುದನ್ನು ಪ್ರತಿಯೊಬ್ಬ ಶಿಕ್ಷಕರೂ ಕೇಳಿರುತ್ತಾರೆ. ಅಂಥ ತಾಯಿಯೇ ಇದನ್ನು ಚೆನ್ನಾಗಿ ಮಾಡಬಲ್ಲಳು.

ಕೇಳುವ ಬಗೆ ಮಾತ್ರ ಬದಲಾಗಬೇಕು. ‘ಊಟ ಆಯ್ತಾ’ ಎಂದರೆ ಮಗು ‘ಹ್ಞೂಂ’ ಎನ್ನುತ್ತದೆ, ಅಲ್ಲಿಗೆ ಮಾತು ಮುಗಿಯಿತು. ‘ನಾನು ತೋಟಕ್ಕೆ ಹೋಗಿದ್ದಾಗ ಕರು ಹಗ್ಗ ಬಿಚ್ಚಿಕೊಂಡಿತಂತಲ್ಲ, ಹೇಗಾಯಿತು ಹೇಳು’ ಎಂದರೆ ಮಗು ಎದ್ದು ನಿಂತು ಕೈ ಬೀಸಿಕೊಂಡು ಹೇಳುತ್ತದೆ. ತಾನು ನೋಡಿದ್ದು, ಕೇಳುವವರು ನೋಡದೇ ಇದ್ದದ್ದು ಎಂದಾಗ ಮಗುವಿಗೆ ಹೇಳುವ ಹುರುಪು ತಾನಾಗಿ ಬರುತ್ತದೆ. ನಡುನಡುವೆ ‘ಆಮೇಲೆ?’, ‘ಯಾಕೆ ಹಾಗೆ ಮಾಡಿತು?’ ಎಂದು ಕೇಳಿದರೆ ಸಾಕು. ಕಾರಣ, ಕ್ರಮ, ಮೊದಲು, ನಂತರ ಎಂಬವೆಲ್ಲ ಇಲ್ಲಿಯೇ ಕೂಡಿಬರುತ್ತವೆ. ಮುಂದೆ ಐದನೇ ತರಗತಿಯಲ್ಲಿ ಪ್ರಬಂಧ ಬರೆಯುವುದಕ್ಕೂ ಬುನಾದಿ ಇದೇ.

ಯಾವ ಭಾಷೆಯಲ್ಲಿ ಎಂಬ ಅಳುಕು ಬೇಡ. ತುಳು, ಕೊಡವ, ಕೊಂಕಣಿ, ಬ್ಯಾರಿ, ಉರ್ದು, ಲಂಬಾಣಿ, ಮರಾಠಿ, ತೆಲುಗು, ಮನೆಯಲ್ಲಿ ಯಾವುದಿದೆಯೋ ಅದರಲ್ಲೇ ಮಗು ಹೇಳಲಿ. ‘ಕನ್ನಡದಲ್ಲಿ ಹೇಳು’, ‘ಇಂಗ್ಲಿಷಿನಲ್ಲಿ ಹೇಳು’ ಎಂದು ಅಡ್ಡ ಬಂದರೆ ಮಗುವಿನ ಲಕ್ಷ್ಯವೆಲ್ಲ ಪದ ಹುಡುಕುವುದಕ್ಕೇ ಹೋಗಿ ಕಥೆ ಅರ್ಧಕ್ಕೆ ನಿಲ್ಲುತ್ತದೆ. ಮನೆಮಾತಿನಲ್ಲಿ ಸರಾಗವಾಗಿ ಹೇಳಬಲ್ಲ ಮಗು ಶಾಲೆಯ ಕನ್ನಡಕ್ಕೆ ಬೇಗ ದಾಟುತ್ತದೆ. ನಮ್ಮ ಗಡಿ ಜಿಲ್ಲೆಗಳ ಶಿಕ್ಷಕರು ಇದನ್ನು ದಿನವೂ ಕಾಣುತ್ತಾರೆ.

ಮಾತಿನಿಂದ ಓದಿಗೆ ದಾಟಿಸುವ ಒಂದು ಹಳೆಯ, ಗಟ್ಟಿಯಾದ ಉಪಾಯವಿದೆ. ಮಗು ಹೇಳಿದ ಕಥೆಯನ್ನು ಮನೆಯಲ್ಲಿ ಅಕ್ಷರ ಬಲ್ಲ ಒಬ್ಬರು ಅದರ ಬಾಯಿಂದ ಬಂದ ಹಾಗೆಯೇ ಬರೆಯುವುದು. ಏಳನೇ ತರಗತಿಯ ಅಕ್ಕನೋ, ಪಕ್ಕದ ಮನೆಯ ಅಣ್ಣನೋ ಬರೆದರೂ ಆದೀತು. ನಾಲ್ಕು ಸಾಲು ಸಾಕು. ‘ಕರು ಓಡಿತು. ಅಜ್ಜಿ ಬೈದರು. ನಾನು ಹಗ್ಗ ಹಿಡಿದೆ. ನಾನು ಕೆಸರಿಗೆ ಬಿದ್ದೆ.’ ಆಮೇಲೆ ಆ ಹಾಳೆಯನ್ನು ಮಗುವಿನ ಕೈಗೆ ಕೊಟ್ಟು ಓದಿಸಿ. ಅರ್ಧ ನೆನಪಿನಿಂದ, ಅರ್ಧ ಅಕ್ಷರ ಗುರುತಿಸಿ ಓದುತ್ತದೆ. ಅದು ಮೋಸವಲ್ಲ, ಓದು ಹುಟ್ಟುವುದೇ ಹಾಗೆ. ‘ಹಗ್ಗ’ದಲ್ಲಿ ಒತ್ತಕ್ಷರ, ‘ಅಜ್ಜಿ’ಯಲ್ಲಿ ಒತ್ತಕ್ಷರ, ‘ಬಿದ್ದೆ’ಯಲ್ಲಿ ಇನ್ನೊಂದು. ತಾನೇ ಹೇಳಿದ ಪದವಾದ್ದರಿಂದ ಮಗು ಹೆದರುವುದಿಲ್ಲ. ಪಾಠಪುಸ್ತಕದಲ್ಲಿ ಒತ್ತಕ್ಷರ ಕಂಡೊಡನೆ ತಡವರಿಸುವ ಮಗುವೂ ತನ್ನ ಕಥೆಯಲ್ಲಿ ಅದನ್ನು ದಾಟಿಕೊಂಡು ಹೋಗುತ್ತದೆ. ಮರುದಿನ ಅದೇ ಹಾಳೆಯ ಕೆಳಗೆ ಚಿತ್ರ ಬರೆಯಲಿ, ಇನ್ನೊಂದು ಸಾಲನ್ನು ತಾನೇ ಸೇರಿಸಲಿ. ಹಳೆಯ ಕ್ಯಾಲೆಂಡರಿನ ಹಿಂಬದಿ, ಮದುವೆ ಪತ್ರಿಕೆಯ ಖಾಲಿ ಬದಿ ಇದಕ್ಕೆ ಬಲು ಚೆನ್ನ. ಒಂದು ವಾರದ ರಜೆಯಲ್ಲಿ ಐದಾರು ಹಾಳೆಯಾದರೆ ಸೂಜಿ ದಾರದಿಂದ ಹೊಲಿದು ಪುಸ್ತಕ ಮಾಡಿಕೊಡಿ. ಅದರ ಮೇಲೆ ಮಗುವಿನ ಹೆಸರಿರಲಿ.

ಒಂದು, ಎರಡನೇ ತರಗತಿಯ ಮಕ್ಕಳ ಮನೆಯವರಿಗೆ ಇನ್ನೊಂದು ವಿಷಯ ಹೇಳಲೇಬೇಕು. ರಜೆ ಬಂದೊಡನೆ ಅನೇಕ ಮನೆಗಳಲ್ಲಿ ‘ಅ ಆ ಇ ಈ’ಯಿಂದ ಹಿಡಿದು ನಲವತ್ತೊಂಬತ್ತು ಅಕ್ಷರಗಳನ್ನೂ ದಿನಕ್ಕೆ ಹತ್ತು ಸಲ ಬರೆಸುತ್ತಾರೆ. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ತರಗತಿಗಳಲ್ಲಿ ಮಗು ಕಲಿಯುವುದು ಆ ಕ್ರಮದಲ್ಲಿ ಅಲ್ಲವೇ ಅಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನಿಂದ, ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಪದ್ಧತಿಯನ್ನು ನೋಡಿ ಬಂದ ಶಿಕ್ಷಕರು ಕಟ್ಟಿದ ವಿಧಾನ ಅದು. ಅಲ್ಲಿ ಅಕ್ಷರ ಬರುವುದು ‘ರ ಗ ಸ ದ ಅ’ ಎಂದು, ಅದರ ಹಿಂದೆ ‘ಜ ವ ಮ ಬ ನ’ ಎಂದು. ಬರೆಯಲು ಸುಲಭವಾದ, ಕೂಡಿಸಿದರೆ ಕೂಡಲೇ ಪದವಾಗುವ ಅಕ್ಷರಗಳು ಮೊದಲು. ಮೊದಲ ಐದೇ ಅಕ್ಷರಗಳಲ್ಲಿ ಸರ, ರಸ, ಅರಸ, ಅಗಸ, ಗರಗಸ ಓದಬಹುದು. ಇನ್ನೈದು ಸೇರಿದರೆ ಮರ, ದನ, ಮಗ, ನಗರ, ಗಮನ, ಬಸವ. ‘ಅಗಸನ ಮಗ ಬಸವ’ ಎಂಬ ಇಡೀ ವಾಕ್ಯವನ್ನೇ ಹತ್ತು ಅಕ್ಷರ ಕಲಿತ ಮಗು ಕಾಗುಣಿತದ ಹಂಗಿಲ್ಲದೆ ಓದಬಲ್ಲದು. ಆರು ವರ್ಷದ ಮಗುವಿಗೆ ತಾನು ಓದಿದೆ ಎಂಬ ಸಂತೋಷ ಸಿಗುವುದು ಇಂಥ ಕಡೆ.

ಆದ್ದರಿಂದ ಮದುವೆ ಪತ್ರಿಕೆಯ ದಪ್ಪ ಕಾಗದವನ್ನು ಚೌಕ ಚೌಕವಾಗಿ ಕತ್ತರಿಸಿ ಈ ಹತ್ತು ಅಕ್ಷರಗಳನ್ನು ಮೂರು ಮೂರು ಸಲ ಬರೆದಿಡಿ. ನೆಲದ ಮೇಲೆ ಹರಡಿ ಪದ ಜೋಡಿಸುವ ಆಟ ಆಡಲಿ. ಅರ್ಥವಿಲ್ಲದ ಪದ ಕಟ್ಟಿದರೆ ಓದಿಸಿ ನಗಿ. ನಗುವುದಕ್ಕಾದರೂ ಅದು ಓದಲೇಬೇಕಲ್ಲ. ಬರೆಯುವುದು ಬೇಕೆಂದರೆ ಮೊರದಲ್ಲಿ ರಂಗೋಲಿ ಪುಡಿಯೋ ಮರಳೋ ಹರಡಿ ಬೆರಳಲ್ಲಿ ಬರೆಯಲಿ. ತಪ್ಪಾದರೆ ಅಳಿಸಿ ಮತ್ತೆ ಬರೆಯುವುದು ಅಲ್ಲಿ ಶಿಕ್ಷೆ ಅನ್ನಿಸುವುದಿಲ್ಲ. ಕಾಪಿ ಬರೆಸುವುದನ್ನು ನಾನು ಪೂರ್ತಿ ಒಲ್ಲೆ ಎನ್ನುವುದಿಲ್ಲ, ಕೈ ತಿದ್ದಬೇಕು ನಿಜ. ಆದರೆ ನೋಡಿ ಬರೆದ ಎರಡು ಪುಟದಲ್ಲಿ ಒಂದು ಪದವನ್ನಾದರೂ ಮಗು ಓದಿತೇ ಎಂದು ಕೇಳಿ ನೋಡಿ. ಎಷ್ಟೋ ಸಲ ಓದಿರುವುದಿಲ್ಲ, ಗೆರೆ ನೋಡಿ ಗೆರೆ ಎಳೆದಿರುತ್ತದೆ.

ಮೂರನೇ ತರಗತಿ ದಾಟಿದ ಮಗುವಿಗೆ ಓದಲು ಪುಸ್ತಕ ಬೇಕೇ ಬೇಕು, ಪಾಠಪುಸ್ತಕವಲ್ಲದ ಪುಸ್ತಕ. ಅದು ನಿಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಇದೆ. ಈಗ ಅದರ ಬೋರ್ಡಿನ ಮೇಲೆ ಅರಿವು ಕೇಂದ್ರ ಎಂದಿರಬಹುದು. ಕೋವಿಡ್ ಮುಚ್ಚುಗಡೆಯ ಕಾಲದಲ್ಲೇ, 2020ರ ನವೆಂಬರಿನಲ್ಲಿ, ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ ‘ಓದುವ ಬೆಳಕು’ ಎಂಬ ಕಾರ್ಯಕ್ರಮ ತಂದು ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಆ ವರ್ಷಗಳಲ್ಲಿ ನಡೆದ ಒಳ್ಳೆಯ ಕೆಲಸಗಳಲ್ಲಿ ಇದಕ್ಕೆ ನಾನು ಮೊದಲ ಸ್ಥಾನ ಕೊಡುತ್ತೇನೆ. ಮೊಬೈಲ್ ಇಲ್ಲದ ಮಗುವಿಗೂ ಅದು ಎಟುಕಿತು. ರಜೆ ಶುರುವಾಗುವ ಮುನ್ನ, ಮಳೆ ಬಿಡುವು ಕೊಟ್ಟ ಸಂಜೆಯಲ್ಲಿ ಒಮ್ಮೆ ಹೋಗಿ ಎರಡು ಪುಸ್ತಕ ತಂದಿಟ್ಟುಕೊಳ್ಳಿ. ಫೋನ್ ಇರುವ ಮನೆಯವರಿಗೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಇದೆ. ಅಲ್ಲಿ ಕನ್ನಡದ ಚಿತ್ರಕಥೆಗಳು ಹಣ ಕೊಡದೆ ಸಿಗುತ್ತವೆ, ಕಠಿಣತೆಯ ಹಂತ ನೋಡಿ ಆರಿಸಿಕೊಳ್ಳಬಹುದು. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ದಿನಕ್ಕೆ ಒಂದು ಕಥೆಯನ್ನು ದೊಡ್ಡದಾಗಿ ಓದಿ ಹೇಳಿ. ಓದುವಾಗ ಬೆರಳು ಸಾಲಿನ ಕೆಳಗೆ ಸಾಗಲಿ. ಕಥೆಯ ಕೊನೆಯಲ್ಲಿ ನೀತಿ ಏನು ಎಂದು ಕೇಳಬೇಡಿ. ನಿನಗೆ ಯಾರು ಇಷ್ಟವಾದರು, ನೀನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿ.

ಗಣಿತಕ್ಕೆ ಬಂದರೆ ನಮ್ಮ ಮನೆಗಳಷ್ಟು ತುಂಬಿದ ಪ್ರಯೋಗಶಾಲೆ ಬೇರೆ ಇಲ್ಲ. ಮಳೆಗಾಲದ ಆಟಿ ತಿಂಗಳಿನಲ್ಲಿ ತುಳುನಾಡಿನ ಮನೆಗಳು ಅಟ್ಟದಿಂದ ಚೆನ್ನೆಮಣೆ ಇಳಿಸುತ್ತಿದ್ದವು. ಹಳೆ ಮೈಸೂರು ಕಡೆ ಅದೇ ಅಳಗುಳಿಮಣೆ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಕಾಳು, ಒಟ್ಟು ಐವತ್ತಾರು. ಒಂದು ಗುಳಿಯ ಕಾಳೆತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋದಾಗ ಎಲ್ಲಿ ಮುಗಿಯುತ್ತದೆ ಎಂದು ಮೊದಲೇ ಲೆಕ್ಕ ಹಾಕದವರು ಸೋಲುತ್ತಾರೆ. ಎಂಟು ವರ್ಷದ ಹುಡುಗಿ ಕಾಳು ಮುಟ್ಟದೆ ಕಣ್ಣಲ್ಲೇ ಎಣಿಸಿ ‘ಇಲ್ಲಿ ಬೇಡ, ಅಲ್ಲಿಂದ ಎತ್ತುತ್ತೇನೆ’ ಎನ್ನುವಾಗ ಅವಳು ಮಾಡುತ್ತಿರುವುದು ಮನಸ್ಸಿನಲ್ಲೇ ಕೂಡುವ, ಕಳೆಯುವ ಲೆಕ್ಕ. ಮಣೆ ಇಲ್ಲದಿದ್ದರೆ ಅಂಗಳದ ಮಣ್ಣಿನಲ್ಲಿ ಗುಳಿ ತೋಡಿ, ಮಳೆಯಾದರೆ ಹಳೆಯ ಮೊಟ್ಟೆ ಟ್ರೇ ಇಟ್ಟುಕೊಳ್ಳಿ.

ಚೌಕಾಬಾರವಂತೂ ಎಲ್ಲ ಕಡೆಯೂ ಇದೆ. ಸೀಮೆಸುಣ್ಣದಲ್ಲಿ ಐದೈದು ಇಪ್ಪತ್ತೈದು ಮನೆ ಬರೆದು, ಕವಡೆ ಇಲ್ಲದವರು ಹುಣಸೆ ಬೀಜದ ಒಂದು ಬದಿಯನ್ನು ಕಲ್ಲಿಗೆ ತೇಯ್ದು ಬಿಳಿ ಮಾಡಿಕೊಂಡರೆ ಆಟ ತಯಾರು. ಕಾಯಿ ಹಣ್ಣಾಗಲು ಇನ್ನೆಷ್ಟು ಮನೆ ಬೇಕು, ಎದುರಿನವನ ಕಾಯಿ ಕಡಿಯಲು ಎಷ್ಟು ಬೀಳಬೇಕು ಎಂಬುದೆಲ್ಲ ಲೆಕ್ಕವೇ. ನಾಲ್ಕು, ಐದನೇ ತರಗತಿಯ ಮಕ್ಕಳಿಗೆ ಇದರೊಳಗೆ ಇನ್ನೂ ಒಂದು ಮೆಟ್ಟಿಲಿದೆ. ನಾಲ್ಕು ಬೀಜವನ್ನು ಐವತ್ತು ಸಲ ಎಸೆದು ಒಂದು ಎಷ್ಟು ಸಲ, ಎರಡು ಎಷ್ಟು ಸಲ, ಮೂರು, ಚೌಕ (ನಾಲ್ಕೂ ಬಿಳಿ), ಬಾರ (ಒಂದೂ ಬಿಳಿಯಿಲ್ಲ) ಎಷ್ಟೆಷ್ಟು ಸಲ ಬಿತ್ತು ಎಂದು ಗೆರೆ ಎಳೆದು ಗುರುತು ಹಾಕಲಿ. ಎರಡು ಹೆಚ್ಚು, ಚೌಕ ಮತ್ತು ಬಾರ ಅಪರೂಪ ಎಂಬುದು ಸಾಮಾನ್ಯವಾಗಿ ಹಾಳೆಯ ಮೇಲೆ ತಾನಾಗಿ ಮೂಡುತ್ತದೆ. ಬೀಜ ಎರಡೂ ಬದಿಗೆ ಸಮನಾಗಿ ಬೀಳುವುದಾದರೆ ಬೀಳುವ ರೀತಿಗಳು ಒಟ್ಟು ಹದಿನಾರು. ಅವುಗಳಲ್ಲಿ ಎರಡು ಬೀಳುವುದು ಆರು ರೀತಿಯಲ್ಲಿ, ಚೌಕಕ್ಕೂ ಬಾರಕ್ಕೂ ಇರುವುದು ಒಂದೊಂದೇ ರೀತಿ. ತೇಯ್ದ ಬೀಜ ಒಂದೇ ಕಡೆಗೆ ವಾಲಿದರೆ ಲೆಕ್ಕ ಬದಲಾಗುತ್ತದೆ, ಅದನ್ನು ಕಂಡುಹಿಡಿಯುವುದೂ ಒಂದು ಪಾಠವೇ. ಮಾಹಿತಿಯನ್ನು ಓದಿ ಅದರಿಂದ ಏನು ತಿಳಿಯುತ್ತದೆ ಎಂದು ಹೇಳುವುದು ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಆ ಅಧ್ಯಯನ ಅಳೆದ ಗಣಿತ ಸಾಮರ್ಥ್ಯಗಳಲ್ಲೂ ಒಂದಾಗಿತ್ತು.

ಅಡುಗೆಮನೆ ಭಿನ್ನರಾಶಿಯ ತವರು. ನಾಲ್ಕು ಪಾವಿಗೆ ಒಂದು ಸೇರು, ಎರಡು ಪಾವಿಗೆ ಅಚ್ಚೇರು ಎಂಬ ಮಾತು ಅಜ್ಜಿಯ ಬಾಯಲ್ಲಿ ಇನ್ನೂ ಇದ್ದರೆ, ಆ ಪಾತ್ರೆಗಳು ಮೂಲೆಯಲ್ಲಿ ಉಳಿದಿದ್ದರೆ ತೆಗೆದು ಕೊಡಿ. ಅಕ್ಕಿಯನ್ನು ಪಾವಿನಿಂದ ಸೇರಿಗೆ ಸುರಿಯುತ್ತ ಕಾಲು, ಅರ್ಧ, ಮುಕ್ಕಾಲು ಕಣ್ಣಿಗೆ ಕಾಣುತ್ತದೆ. ಪಾತ್ರೆ ಇಲ್ಲದಿದ್ದರೆ ಲೋಟವೇ ಸಾಕು. ನಾಲ್ಕು ಜನಕ್ಕೆ ಇಷ್ಟು ಅಕ್ಕಿ, ಚಿಕ್ಕಪ್ಪನ ಮನೆಯವರು ಇಬ್ಬರು ಬಂದರೆ ಎಷ್ಟು ಎಂದು ಮಗುವನ್ನೇ ಕೇಳಿ, ಅದು ಹೇಳಿದ್ದನ್ನೇ ಒಲೆಗೆ ಇಡಿ. ತನ್ನ ಲೆಕ್ಕದ ಅನ್ನ ಎಲ್ಲರ ತಟ್ಟೆಗೆ ಬಂದಾಗ ಸಿಗುವ ಹಿಗ್ಗನ್ನು ಯಾವ ವರ್ಕ್‌ಶೀಟೂ ಕೊಡಲಾರದು. ಇಡ್ಲಿ ಹಿಟ್ಟು ರುಬ್ಬಿದ ರಾತ್ರಿ ಪಾತ್ರೆಯ ಹೊರಗೆ ಹಿಟ್ಟಿನ ಮಟ್ಟಕ್ಕೆ ಒಂದು ಗುರುತು ಹಾಕಿಸಿ. ಬೆಳಿಗ್ಗೆ ಎಷ್ಟು ಬೆರಳು ಮೇಲೆ ಬಂದಿದೆ ನೋಡಲಿ. ಒಂದು ಲೋಟ ಹಿಟ್ಟನ್ನು ಒಲೆಯ ಬಳಿ, ಇನ್ನೊಂದನ್ನು ಕಿಟಕಿಯ ಚಳಿಯಲ್ಲಿ ಇಟ್ಟರೆ ಯಾವುದು ಬೇಗ ಹುಳಿಬಂತು, ಯಾಕೆ ಎಂದು ಮಾತಿಗೆ ದಾರಿಯಾಗುತ್ತದೆ. ಕಣ್ಣಿಗೆ ಕಾಣದ ಜೀವಿಗಳು ಅಲ್ಲಿ ಕೆಲಸ ಮಾಡುತ್ತಿವೆ ಎಂಬ ಮಾತನ್ನು ಮಗು ಬಾಯಿ ತೆರೆದು ಕೇಳುತ್ತದೆ.

ಗೇಣು, ಮೊಳ, ಮಾರು ಹಾಕಿ ಜಗಲಿ ಅಳೆಯುವುದು ಇನ್ನೊಂದು. ಅಪ್ಪನ ಗೇಣಿಗೆ ಹದಿನೆಂಟು ಬಂದದ್ದು ಮಗುವಿನ ಗೇಣಿಗೆ ಮೂವತ್ತು ದಾಟಿದರೆ ಅಲ್ಲೊಂದು ಜಗಳ ಹುಟ್ಟುತ್ತದೆ. ಆ ಜಗಳ ಮುಗಿಯುವುದು ಸ್ಕೇಲು ಬಂದಾಗಲೇ.

ಮಳೆ ರಜೆಗೆಂದೇ ಮಾಡಿದ ಹಾಗಿರುವ ಚಟುವಟಿಕೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಅದರಲ್ಲಿ ವಿಜ್ಞಾನ, ಲೆಕ್ಕ, ಬರಹ ಮೂರೂ ಸೇರಿವೆ. ಬಾಯಿಂದ ತಳದವರೆಗೆ ಒಂದೇ ಅಗಲವಿರುವ ಡಬ್ಬಿಯೊಂದನ್ನು ಆರಿಸಿಕೊಳ್ಳಿ. ಸೂರಿನ ನೀರು, ಮರದ ಹನಿ ಬೀಳದ ಜಾಗದಲ್ಲಿ, ಕೋಳಿ ನಾಯಿ ಉರುಳಿಸದಂತೆ ಎರಡು ಕಲ್ಲಿನ ನಡುವೆ ಇಡಿ. ಬೆಳಿಗ್ಗೆ ಎಂಟೂವರೆಗೆ ಡಬ್ಬಿಯೊಳಗೆ ಸ್ಕೇಲ್ ಇಳಿಸಿ ನೀರು ಎಷ್ಟು ಮಿಲಿಮೀಟರ್ ನಿಂತಿದೆ ಎಂದು ನೋಡಲಿ. ನಮ್ಮ ಹವಾಮಾನ ಇಲಾಖೆಯೂ ದಿನದ ಮಳೆಯನ್ನು ಲೆಕ್ಕ ಹಾಕುವುದು ಬೆಳಿಗ್ಗೆ ಎಂಟೂವರೆಯಿಂದ ಎಂಟೂವರೆಗೇ. ಸ್ಕೇಲಿನ ಸೊನ್ನೆ ಅದರ ತುದಿಯಲ್ಲೇ ಇರುವುದಿಲ್ಲ, ಆ ಚೂರನ್ನು ಸೇರಿಸಬೇಕು ಎಂಬುದನ್ನು ಮಗು ಕಂಡುಕೊಂಡರೆ ಇನ್ನೂ ಚೆನ್ನ. ನೋಡಿದ್ದನ್ನು ತಾರೀಖು ಹಾಕಿ ಪುಸ್ತಕದಲ್ಲಿ ಬರೆದು ನೀರು ಚೆಲ್ಲಿ ಡಬ್ಬಿಯನ್ನು ಮತ್ತೆ ಅಲ್ಲೇ ಇಡಬೇಕು.

ಈಗ ಆ ಅಂಕಿಗೆ ಅರ್ಥ ಕೊಡಿ. ಇಲಾಖೆಯ ಪ್ರಕಾರ ಒಂದು ದಿನದಲ್ಲಿ 64.5 ಮಿಲಿಮೀಟರ್ ಮುಟ್ಟಿದರೆ ಅದು ಭಾರೀ ಮಳೆ, 115.6 ಮುಟ್ಟಿದರೆ ಅತಿ ಭಾರೀ, 204.4 ದಾಟಿದರೆ ಅತ್ಯಂತ ಭಾರೀ. ಟಿವಿಯಲ್ಲಿ ಕೇಳುವ ಆರೆಂಜ್ ಅಲರ್ಟ್, ರೆಡ್ ಅಲರ್ಟುಗಳ ಹಿಂದೆ ಈ ಅಂಕಿಗಳಿವೆ. ತನ್ನ ಶಾಲೆಗೆ ಯಾಕೆ ರಜೆ ಕೊಟ್ಟರು ಎಂಬುದಕ್ಕೆ ಮಗು ತನ್ನ ಡಬ್ಬಿಯಲ್ಲೇ ಉತ್ತರ ನೋಡುತ್ತದೆ. ಐದನೇ ತರಗತಿಯ ಮಗುವಿಗಾದರೆ ಇನ್ನೊಂದು ಹೆಜ್ಜೆ: ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಮಾಡಿನ ಮೇಲೆ 65 ಮಿಲಿಮೀಟರ್ ಬಿದ್ದರೆ 6,500 ಲೀಟರ್. ಮನೆಯ ಸಿಂಟೆಕ್ಸ್ ಟ್ಯಾಂಕು ಎಷ್ಟು ಸಲ ತುಂಬೀತು? ಪಕ್ಕದ ಊರಿನ ಗೆಳತಿಗೆ ಫೋನ್ ಮಾಡಿ ಅವಳ ಡಬ್ಬಿಯಲ್ಲಿ ಎಷ್ಟು ಎಂದು ಕೇಳಲಿ. ಫೋನಿನ ಒಳ್ಳೆಯ ಬಳಕೆ ಎಂದರೆ ಇದು. ಅಜ್ಜನಿಗೆ ಮಳೆ ನಕ್ಷತ್ರಗಳ ಲೆಕ್ಕ ಗೊತ್ತಿದ್ದರೆ ಯಾವ ಮಳೆಯಲ್ಲಿ ಎಷ್ಟು ಬಿತ್ತು ಎಂದು ಹದಿಮೂರು ಹದಿನಾಲ್ಕು ದಿನಗಳ ಮೊತ್ತವನ್ನೂ ಹಾಕಬಹುದು. ಡಬ್ಬಿ ಮಾತ್ರ ಅಂಗಳ ದಾಟಬಾರದು. ಹಳ್ಳ, ತೋಡು, ಕೆರೆ ನೋಡಲು ಮಕ್ಕಳು ಒಂಟಿಯಾಗಿ ಹೋಗಕೂಡದು, ರಜೆ ಕೊಟ್ಟಿರುವುದೇ ಅದಕ್ಕಾಗಿ.

ಫೋನಿನ ಬಗ್ಗೆ ನಾನು ಕಟ್ಟುನಿಟ್ಟಾಗಿಯೇ ಹೇಳುತ್ತೇನೆ. 2020ರ ಜೂನಿನಲ್ಲಿ ರಾಜ್ಯ ಸರ್ಕಾರ ಐದನೇ ತರಗತಿಯವರೆಗೆ ಆನ್‌ಲೈನ್ ಪಾಠ ನಿಷೇಧಿಸಿತು, ಜುಲೈನಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಅದೇ ತಿಂಗಳು ಬಂದ ಕೇಂದ್ರದ ಪ್ರಜ್ಞಾತಾ ಮಾರ್ಗಸೂಚಿ ಎಂಟನೇ ತರಗತಿಯವರೆಗೆ ದಿನಕ್ಕೆ ಎರಡು ಅವಧಿ, ಒಂದೊಂದೂ ಮುಕ್ಕಾಲು ಗಂಟೆ ಮೀರದಂತೆ ಎಂದು ಮಿತಿ ಹಾಕಿತು. ಈ ಜಗ್ಗಾಟದ ನಡುವೆ ಹಳ್ಳಿಯ ಎಷ್ಟೋ ಮನೆಗಳಲ್ಲಿದ್ದ ಒಂದೇ ಫೋನು ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತಿತ್ತು. ಇಂದು ಫೋನು ಹೆಚ್ಚಾಗಿದೆ, ಡೇಟಾ ಅಗ್ಗವಾಗಿದೆ, ಆದರೆ ಏಳು ವರ್ಷದ ಮಗು ಒಂಟಿಯಾಗಿ ಪರದೆ ನೋಡಿ ಓದು ಕಲಿಯುವುದು ಇಂದಿಗೂ ಕಷ್ಟವೇ. ಪರದೆ ಮಗುವಿಗೆ ಹೇಳುತ್ತದೆ, ಮಗು ಹೇಳಿದ್ದನ್ನು ಕೇಳಿಸಿಕೊಳ್ಳುವುದಿಲ್ಲ. ಜೊತೆಗೆ ದೊಡ್ಡವರು ಕೂತು ನೋಡಿ, ನಡುವೆ ನಿಲ್ಲಿಸಿ ಮಾತಾಡುವುದಾದರೆ ಅರ್ಧ ಗಂಟೆ ಇರಲಿ. ಕೆಲಸ ಮುಗಿಸಿಕೊಳ್ಳಲು ಮಗುವಿನ ಕೈಗೆ ಕೊಡುವ ಫೋನನ್ನು ಕಲಿಕೆ ಎಂದು ಕರೆಯುವುದು ಬೇಡ.

ಇಷ್ಟೆಲ್ಲ ಮಾಡಲು ಹೊತ್ತೆಲ್ಲಿ ಎನ್ನುವವರಿಗೆ: ಒಂದು ದಿನಕ್ಕೆ ಎಲ್ಲವೂ ಬೇಡ. ಈ ವಯಸ್ಸಿನ ಮಗು ಒಂದು ಕಡೆ ಮನಸ್ಸಿಟ್ಟು ಕೂರುವುದು ಹತ್ತು ಹದಿನೈದು ನಿಮಿಷ. ಬೆಳಿಗ್ಗೆ ಮಳೆ ಅಳೆಯುವುದು, ಮಧ್ಯಾಹ್ನ ಒಂದು ಆಟ, ಸಂಜೆ ಅಡುಗೆ ಮಾಡುತ್ತಲೇ ಮಾತು, ಮಲಗುವಾಗ ಒಂದು ಕಥೆ, ಒಟ್ಟು ಒಂದು ಗಂಟೆಯಾದರೆ ತುಂಬ ಆಯಿತು. ಉಳಿದ ಹೊತ್ತು ಮಗು ಆಡಲಿ, ಸುಮ್ಮನೆ ಕೂರಲಿ, ಬೇಜಾರೂ ಪಡಲಿ. ತಾಯಿ ತಂದೆ ಇಬ್ಬರೂ ಕೂಲಿಗೆ ಹೋಗುವ ಮನೆಯಲ್ಲಿ ಈ ಗಂಟೆಯೂ ಸಿಗದು ಎಂಬುದನ್ನು ಬಲ್ಲೆ. ಅಲ್ಲಿ ಓಣಿಯ ದೊಡ್ಡ ಮಕ್ಕಳನ್ನು ನೆಚ್ಚಬೇಕು. ಆರು, ಏಳನೇ ತರಗತಿಯ ಹುಡುಗಿ ನಾಲ್ಕು ಚಿಕ್ಕ ಮಕ್ಕಳನ್ನು ಜಗಲಿಯಲ್ಲಿ ಕೂರಿಸಿ ಕಥೆ ಓದಿ ಹೇಳಿದರೆ ಅವಳ ಓದೂ ಸುಧಾರಿಸುತ್ತದೆ. 2020ರ ಆಗಸ್ಟ್‌ನಲ್ಲಿ ಶುರುವಾದ ವಿದ್ಯಾಗಮ ಕಾರ್ಯಕ್ರಮದಲ್ಲಿ ನಮ್ಮ ಶಿಕ್ಷಕರು ದೇವಸ್ಥಾನದ ಪೌಳಿ, ಅರಳಿಕಟ್ಟೆ, ಸಮುದಾಯ ಭವನಗಳಲ್ಲಿ ಮಕ್ಕಳನ್ನು ಕೂರಿಸಿ ಪಾಠ ಮಾಡಿದ್ದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಿತು. ಆದರೆ ಓಣಿಯೇ ತರಗತಿಯಾಗಬಹುದು ಎಂದು ಅದು ತೋರಿಸಿಕೊಟ್ಟಿತು. ಸೋಂಕಿಲ್ಲದ ಕಾಲದಲ್ಲಿ, ಸಮೀಕ್ಷೆಗೆ ಕೊಟ್ಟಂಥ ರಜೆಯಲ್ಲಿ, ಗ್ರಾಮ ಪಂಚಾಯಿತಿಯೂ ಶಾಲಾಭಿವೃದ್ಧಿ ಸಮಿತಿಯೂ ಮನಸ್ಸು ಮಾಡಿದರೆ ಅಂಥ ಜಗಲಿಯನ್ನು ನಡೆಸಲು ಅಡ್ಡಿಯೇನೂ ಇಲ್ಲ.

ಶಿಕ್ಷಕರಿಗೂ ಒಂದು ಕೋರಿಕೆ. ರಜೆ ಬರುತ್ತದೆ ಎಂದು ತಿಳಿದ ಕೂಡಲೇ ಪಾಲಕರ ವಾಟ್ಸ್ಯಾಪ್ ಗುಂಪಿಗೆ ‘ಪುಟ 34ರಿಂದ 40ರವರೆಗೆ ಎರಡು ಸಲ ಬರೆಯುವುದು’ ಎಂದು ಕಳಿಸುವ ಬದಲು, ನಿಮ್ಮದೇ ಧ್ವನಿಯಲ್ಲಿ ಒಂದು ನಿಮಿಷದ ಮಾತು ಕಳಿಸಿ. ಇವತ್ತು ಅಜ್ಜಿಯ ಹತ್ತಿರ ಅವರ ಬಾಲ್ಯದ ಮಳೆಗಾಲದ ಬಗ್ಗೆ ಕೇಳಿಕೊಂಡು ಬಾ ಎಂದು ಹೇಳಿ. ಓದಲು ಬಾರದ ತಾಯಿಗೂ ಅದು ಅರ್ಥವಾಗುತ್ತದೆ. ಶಾಲೆ ತೆರೆದ ಮೊದಲ ದಿನ, ಬಿಟ್ಟುಹೋದ ಪಾಠ ಮುಗಿಸುವ ಅವಸರಕ್ಕೆ ಮೊದಲು, ಅರ್ಧ ಗಂಟೆ ಮಕ್ಕಳು ತಂದದ್ದನ್ನು ಕೇಳಿ: ಮಳೆ ಪುಸ್ತಕ, ಹೊಲಿದ ಕಥೆ ಪುಸ್ತಕ, ಅಜ್ಜಿಯ ಸುದ್ದಿ. ಯಾರ ಮಾತು ನಿಂತಿದೆ, ಯಾರ ಓದು ಹಿಂದೆ ಬಿದ್ದಿದೆ ಎಂಬುದು ಆ ಅರ್ಧ ಗಂಟೆಯಲ್ಲೇ ತಿಳಿಯುತ್ತದೆ. ದೊಡ್ಡ ಮುಚ್ಚುಗಡೆಯ ನಂತರ 2022-23ರಲ್ಲಿ ಇಡೀ ವರ್ಷ ‘ಕಲಿಕಾ ಚೇತರಿಕೆ’ ನಡೆಸಿದ ನಿಮಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಮೂರನೇ ತರಗತಿಯ ಮಗು ಒಂದು ವಾಕ್ಯ ಓದಲು ತಿಣುಕಿದರೆ, ಅಂದಿನ ಪಾಠಕ್ಕೆ ಒತ್ತಾಯ ಮಾಡದೆ ‘ರ ಗ ಸ ದ ಅ’ದ ಕಾರ್ಡನ್ನೇ ಮತ್ತೆ ಕೈಗೆ ಕೊಡಿ. ಎರಡು ವಾರ ಹಿಡಿದರೂ ಹಿಡಿಯಲಿ.